ಕಿವಿಗೆ ಬಿದ್ದ ತೂಕ

ಸೋನಾರ್‌ಪುರ, ಕಾಶಿ
ಶುಕ್ರವಾರ ಬೆಳಿಗ್ಗೆ

ಅಮ್ಮಾ,

ಮಂಗಳವಾರದಿಂದ ನಾನು ನಿನ್ನ ಫೋನ್ ಎತ್ತಿಲ್ಲ. 'ಅವಳಿಗೇನು ಜ್ವರವೋ, ನನ್ನ ಮೇಲೆ ಕೋಪವೋ' ಎಂದು ನಿನ್ನೆ ಅಪ್ಪನನ್ನು ಕೇಳಿದೆಯಂತೆ. ಎರಡೂ ಅಲ್ಲ. ನಾನು 'ಹಲೋ' ಅನ್ನುವುದರಲ್ಲೇ ಊಟ ಮಾಡಿದ್ದೇನೋ ಇಲ್ಲವೋ ಕಂಡುಹಿಡಿಯುವವಳು ನೀನು. ಆ ಭಯಕ್ಕೇ ಎತ್ತಲಿಲ್ಲ. ಅದಕ್ಕೇ ಈ ಕಾಗದ. ಬರೆದು ಫೋಟೋ ತೆಗೆದು ನಿನ್ನ ವಾಟ್ಸಾಪಿಗೆ ಹಾಕುತ್ತೇನೆ.

ಕನ್ನಡಕ ಹಾಕಿಕೊಂಡು ಒಬ್ಬಳೇ ಕೂತು ಪೂರ್ತಿ ಓದು. ಅರ್ಧದಲ್ಲೇ 'ಕಾತ್ಯಾಯನೀ, ಇವಳೇನೋ ಬರೆದಿದ್ದಾಳೆ ನೋಡು' ಎಂದು ಅಕ್ಕನನ್ನು ಕೂಗಬೇಡ. ಓದಿ ಮುಗಿಸಿದ ಮೇಲೆ ಅವಳಿಗೂ ತೋರಿಸಬೇಕು. ತೋರಿಸಬಹುದಾದ ಹಾಗೆಯೇ ಬರೆಯುತ್ತಿದ್ದೇನೆ. ಅವಳಿಗೆ ತಿಳಿಯಬಾರದ ಸಂಗತಿ ಒಂದಿದೆ, ಅದು ಇದರಲ್ಲಿ ಎಲ್ಲೂ ಇಲ್ಲ. ಸಾಲುಗಳ ನಡುವೆ ಹುಡುಕಲು ಹೋಗಬೇಡ.

ಮಂಗಳವಾರ ಸಂಜೆ ನಿನ್ನ ಫೋನ್ ಬಂದಾಗ ನಾನು ತರಕಾರಿ ಗಾಡಿಯ ಮುಂದೆ ನಿಂತಿದ್ದೆ. ಬೆನ್ನ ಹಿಂದೆ ಬ್ಯಾಟರಿ ರಿಕ್ಷಾ ಟೋಟೋದವನ ಹಾರ್ನು, ಎದುರಿಗೆ ಗಾಡಿಯವನು 'ಮಟರ್ ಲೇ ಲೀಜಿಯೇ ದೀದೀ, ಏಕ್‌ದಮ್ ತಾಜಾ' ಎಂದು ಬಟಾಣಿ ಸುರಿಯುತ್ತಿದ್ದ. ನೀನು ಎಂದಿನ ಹಾಗೆ ಅಕ್ಕನ ಮಗು ರಾತ್ರಿ ಎದ್ದದ್ದು, ಭಾವ ಸಬ್ಬಸಿಗೆ ಸೊಪ್ಪು ತರಲು ಹೋಗಿ ಬೇರೆ ಏನನ್ನೋ ತಂದದ್ದು, ಜಿನೀವಾದ ಚಳಿಗೆ ನಿನ್ನ ಮಂಡಿ ಹಿಡಿದುಕೊಂಡದ್ದು, ಎಲ್ಲ ಹೇಳುತ್ತಿದ್ದೆ. ಅದೇ ಉಸಿರಿನಲ್ಲಿ ಇದೂ ಬಂತು:

'ಲೇ ಶ್ರೀ, ನಿಮ್ಮಕ್ಕನ ಲೆಕ್ಕ ಬಂತು ಕಣೇ. ಆ ಕಣದ ತೂಕ ಎಷ್ಟಿರಬೇಕು ಅಂತ ಪುಸ್ತಕದಲ್ಲಿದೆಯೋ ಅಷ್ಟೇ ಬಂತಂತೆ. ಕೂದಲೆಳೆಯಷ್ಟೂ ಆಚೆ ಈಚೆ ಇಲ್ವಂತೆ. ಮಗೂನ ತೊಡೆ ಮೇಲೆ ಹಾಕ್ಕೊಂಡು ಕಂಪ್ಯೂಟರ್ ನೋಡ್ತಾ ಕೂತಿದ್ಳು, ನೋಡಿ ಅತ್ತೇಬಿಟ್ಳು. ಹೆಸರುಬೇಳೆ ಪಾಯಸ ಮಾಡ್ದೆ. ನಿಂದು ಯಾವಾಗ ಬರತ್ತೆ?'

'ಆಮೇಲೆ ಮಾಡ್ತೀನಮ್ಮ' ಎಂದು ಇಟ್ಟುಬಿಟ್ಟೆ. ದುಡ್ಡು ಕೊಟ್ಟು, ತರಕಾರಿ ಅಲ್ಲೇ ಬಿಟ್ಟು ಮನೆಗೆ ಬಂದೆ. ಅಪ್ಪ ಆ ರಾತ್ರಿ ತಿಳಿಸಾರು ಮಾತ್ರ ಉಂಡರು.

ಅಕ್ಕ ಸಂತೋಷಪಟ್ಟಳು, ನೀನು ಅದನ್ನು ತಂಗಿಗೆ ಹೇಳಿದೆ, ಇದರಲ್ಲಿ ಏನು ಬಂತು ಎಂದು ನೀನು ಕೇಳುತ್ತೀ. ಅದಕ್ಕೆ ನಮ್ಮ ಕೆಲಸ ಏನೆಂದು ಹೇಳಬೇಕು. ಇಷ್ಟು ವರ್ಷ ಕೇಳಿದವರಿಗೆಲ್ಲ 'ಇಬ್ಬರೂ ಸೈನ್ಸು' ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೀ. ನಾವೂ ಬಿಡಿಸಿ ಹೇಳಲಿಲ್ಲ.

ಅಕ್ಕನ ಬಾಣಂತನಕ್ಕೆಂದು ಈಗ ನೀನಿರುವ ಊರಿನ ನೆಲದಡಿಯಲ್ಲಿ ಉಂಗುರದ ಆಕಾರದ ಒಂದು ದೊಡ್ಡ ಸುರಂಗವಿದೆ. ಅದರೊಳಗೆ ಪ್ರೋಟಾನುಗಳನ್ನು ಎದುರುಬದುರಾಗಿ ಓಡಿಸಿ ಡಿಕ್ಕಿ ಹೊಡೆಸುತ್ತಾರೆ. ಡಿಕ್ಕಿಯಲ್ಲಿ ಒಮ್ಮೊಮ್ಮೆ ಡಬ್ಲ್ಯು ಎಂಬ ಕಣ ಹುಟ್ಟುತ್ತದೆ. ಹುಟ್ಟಿದ ಗಳಿಗೆಯಲ್ಲೇ ಅದು ಒಡೆದು ಎರಡು ಬೇರೆ ಕಣಗಳಾಗುತ್ತದೆ. ನಾವು ಅಳತೆಗೆ ಹಿಡಿಯುವ ಜೋಡಿಯಲ್ಲಿ ಒಂದು ಮ್ಯೂಆನ್, ಅದು ನಮ್ಮ ಯಂತ್ರದಲ್ಲಿ ಗುರುತು ಬಿಟ್ಟು ಹೋಗುತ್ತದೆ. ಇನ್ನೊಂದು ನ್ಯೂಟ್ರಿನೋ, ಯಾವ ಯಂತ್ರಕ್ಕೂ ಸಿಗದೆ ಜಾರಿಕೊಳ್ಳುತ್ತದೆ. ತಕ್ಕಡಿಯಲ್ಲಿ ಇಟ್ಟು ನೋಡಲು ಏನೂ ಉಳಿಯುವುದಿಲ್ಲ. ಮೊನ್ನೆ ಮಗು ತೂಕದ ಯಂತ್ರದ ಮೇಲೆ ಸುಮ್ಮನೆ ಮಲಗದು ಎಂದು ನೀನು ಅದನ್ನು ಎತ್ತಿಕೊಂಡು ಒಮ್ಮೆ, ಕೆಳಗಿಟ್ಟು ಒಮ್ಮೆ ಹತ್ತಿ ನಿಂತು ಕಳೆದು ನೋಡಿದೆಯಲ್ಲ, ನಮ್ಮದೂ ಅಂಥ ಸುತ್ತುದಾರಿಯೇ. ಲಕ್ಷಾಂತರ ಮ್ಯೂಆನುಗಳು ಅಯಸ್ಕಾಂತದ ನಡುವೆ ಹಾಯುವಾಗ ಎಷ್ಟೆಷ್ಟು ಬಾಗಿದವು ಎಂದು ಅಳೆದು, ಅದರಿಂದ ಅವುಗಳ ಓಟದ ಜೋರು ತಿಳಿದು, ಅದರಿಂದ ಈಗ ಇಲ್ಲದ ಕಣದ ತೂಕ ಹೇಳಬೇಕು. ಅದೂ ಹೇಗೆ, ನೂರು ಕಿಲೋ ಅಕ್ಕಿಯಲ್ಲಿ ಹತ್ತು ಗ್ರಾಂ ಹೆಚ್ಚುಕಡಿಮೆಯಾಗದ ಹಾಗೆ.

ಆ ತೂಕ ಇಷ್ಟೇ ಇರಬೇಕು ಎಂದು ನಮ್ಮ ಶಾಸ್ತ್ರ ಹೇಳುತ್ತದೆ. ಅಷ್ಟೇ ಬಂದರೆ ಸಮಾಧಾನ. ಬರದಿದ್ದರೆ ಅಳೆದವರು ತಪ್ಪಿದ್ದಾರೆ, ಇಲ್ಲವೇ ಶಾಸ್ತ್ರವೇ ಏನನ್ನೋ ಬಿಟ್ಟಿದೆ. ಎರಡರಲ್ಲಿ ಯಾವುದು ಎಂದು ತಿಳಿಯಬೇಕಲ್ಲ, ಅದಕ್ಕೆ ಒಂದೇ ಸುರಂಗದ ಮೇಲೆ ಎರಡು ಬೇರೆ ಬೇರೆ ಯಂತ್ರ, ಎರಡು ಬೇರೆ ಬೇರೆ ಗುಂಪು. ಅಕ್ಕ ಒಂದರಲ್ಲಿ. ನಾನು ಇಲ್ಲಿ ವಿಶ್ವವಿದ್ಯಾಲಯದಲ್ಲಿ ಕೂತು ಇನ್ನೊಂದಕ್ಕೆ ಕೆಲಸ ಮಾಡುತ್ತೇನೆ. ಲೋಕಕ್ಕೆಲ್ಲ ಹೇಳುವವರೆಗೆ ಒಬ್ಬರ ಉತ್ತರ ಇನ್ನೊಬ್ಬರ ಕಿವಿಗೆ ಬೀಳುವಂತಿಲ್ಲ. ನಾವಿಬ್ಬರೂ ಮಾತಾಡುವಾಗ ನಿನ್ನ ಮಂಡಿ, ಮಗುವಿನ ಹೊಟ್ಟೆನೋವು, ಇಲ್ಲಿನ ಗೋದೌಲಿಯಾ ಚೌಕದ ಜನಜಂಗುಳಿ ಬಿಟ್ಟು ಬೇರೇನೂ ಮಾತಾಡುವುದಿಲ್ಲ ಎಂದು ನೀನು ಆಡಿಕೊಳ್ಳುತ್ತಿದ್ದೆಯಲ್ಲ, ಕಾರಣ ಇದೇ.

ಇಷ್ಟು ಬಂದೋಬಸ್ತು ಯಾಕೆಂದರೆ ಮನುಷ್ಯನ ಬುದ್ಧಿ ಬಹಳ ಸೋಮಾರಿ. ಬೇಕಾದ ಉತ್ತರ ಬಂದ ಕೂಡಲೇ ತಪ್ಪು ಹುಡುಕುವುದನ್ನು ನಿಲ್ಲಿಸುತ್ತದೆ. ಬೇಡದ ಉತ್ತರ ಬಂದರೆ ಬೇಕಾದದ್ದು ಬರುವವರೆಗೂ ತಪ್ಪು ಹುಡುಕುತ್ತಲೇ ಇರುತ್ತದೆ. ಅದು ನಮಗೆ ಗೊತ್ತು, ಅದಕ್ಕೇ ನಮ್ಮ ಕಣ್ಣನ್ನು ನಾವೇ ಕಟ್ಟಿಕೊಳ್ಳುತ್ತೇವೆ. ಕೆಲಸ ನಡೆಯುವಷ್ಟು ಕಾಲ ಕಂಪ್ಯೂಟರು ಒಂದು ಗುಟ್ಟಿನ ಸಂಖ್ಯೆಯನ್ನು ಬೆರೆಸಿಯೇ ತೂಕ ತೋರಿಸುತ್ತದೆ. ಇನ್ನು ಏನನ್ನೂ ಬದಲಿಸುವುದಿಲ್ಲ ಎಂದು ಎಲ್ಲರೂ ಒಪ್ಪಿದ ದಿನ ಆ ಗುಟ್ಟನ್ನು ಕಳೆದು ನಿಜವಾದದ್ದನ್ನು ನೋಡುತ್ತೇವೆ.

ನಮ್ಮ ಗುಂಪಿನ ಕಣ್ಣುಪಟ್ಟಿ ಹೋದ ತಿಂಗಳೇ ಬಿಚ್ಚಿದೆ. ಎಷ್ಟು ಬಂತು ಎಂದು ನಿನಗೆ ಹೇಳುವುದಿಲ್ಲ. ಅಕ್ಕನಷ್ಟೇ ಬಂದಿರಬಹುದು, ಬಾರದೆಯೂ ಇರಬಹುದು. ನಿನಗೆ ತಿಳಿದರೆ ನಿನ್ನ ಮುಖ ನೋಡಿಯೇ ಅಕ್ಕ ಓದಿಕೊಳ್ಳುತ್ತಾಳೆ.

ಬಿಚ್ಚಿದ ಮೇಲೆ ನಮ್ಮ ಕೆಲಸ ಪರಿಶೀಲಿಸುವ ಸಮಿತಿಯವರೊಬ್ಬರು ನನ್ನ ಪಾಲಿನ ಕೆಲಸದ ಮೇಲೆ ಪ್ರಶ್ನೆ ಎತ್ತಿದರು. ಯಂತ್ರದ ಒಂದು ಮೂಲೆಯಲ್ಲಿ ಎಡಕ್ಕೆ ಬಾಗುವ ಮ್ಯೂಆನುಗಳಿಗೂ ಬಲಕ್ಕೆ ಬಾಗುವವಕ್ಕೂ ತುಸು ತಾಳೆಯಾಗುತ್ತಿಲ್ಲ. ಅದಕ್ಕೆ ನಾನು ಮಾಡಿರುವ ತಿದ್ದುಪಡಿ ಸಾಕೋ, ಮತ್ತೆ ಬಿಚ್ಚಿ ನೋಡಬೇಕೋ ಎಂದು. ಗುರುವಾರದ ಸಭೆಯಲ್ಲಿ ನಾನು ಹೇಳಬೇಕಿತ್ತು. ಸಾಕು ಅಂದರೆ ನಮ್ಮ ತೂಕ ಇದ್ದ ಹಾಗೆಯೇ ಹೊರಗೆ ಹೋಗುತ್ತದೆ. ಸಾಲದು ಅಂದರೆ ತೂಕವೇ ಬದಲಾಗಬಹುದು. ಆ ಮೂಲೆಯನ್ನು ನನ್ನಷ್ಟು ಬಲ್ಲವರು ಸದ್ಯಕ್ಕೆ ಬೇರೆ ಯಾರೂ ಇಲ್ಲ, ನನ್ನ ಮಾತೇ ಕಡೆಯ ಮಾತಾಗುತ್ತಿತ್ತು.

ಮಂಗಳವಾರ ಬೆಳಿಗ್ಗೆ ನನ್ನ ಉತ್ತರ ಸಿದ್ಧವಾಗಿತ್ತು. ಸಂಜೆ ನಿನ್ನ ಫೋನ್ ಆದಮೇಲೆ ಆ ಮೂಲೆಯ ಅಳತೆಯ ಅದೇ ಚಿತ್ರಗಳನ್ನು ಮತ್ತೆ ತೆರೆದು ಕೂತೆ. ಬೆಳಿಗ್ಗೆ ನೋಡಿದ ಚುಕ್ಕೆಗಳೇ. ಒಂದೂ ಜಾಗ ಬಿಟ್ಟು ಕದಲಿರಲಿಲ್ಲ. ಆದರೆ ನನ್ನ ಉತ್ತರ ಮಗುಚಿಕೊಂಡಿತು. ಯಾವುದಿದ್ದದ್ದು ಯಾವುದಾಯಿತು ಎಂದು ಬರೆಯುವುದಿಲ್ಲ. ಒಂದರ ಮೇಲೊಂದು ಹೊಸ ಕಾರಣ ಹೊಳೆಯತೊಡಗಿತು. ಎಲ್ಲವೂ ಒಳ್ಳೆಯ ಕಾರಣಗಳೇ, ಸಭೆಯಲ್ಲಿ ಹೇಳಿದರೆ ಯಾರೂ ಅಲ್ಲಗಳೆಯುತ್ತಿರಲಿಲ್ಲ. ನಾನು ಹೆದರಿದ್ದು ಅದಕ್ಕೇ. ಈ ಕಾರಣಗಳನ್ನು ಹುಡುಕಿದ್ದು ನನ್ನ ವಿದ್ಯೆಯೋ, ನಿನ್ನ ಫೋನೋ? ಬುಧವಾರವೆಲ್ಲ ಅದನ್ನೇ ಕೇಳಿಕೊಂಡೆ. ತಿಳಿಯಲಿಲ್ಲ. ಇನ್ನು ಯಾವತ್ತೂ ತಿಳಿಯುವುದಿಲ್ಲ.

ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಇದನ್ನು ನೀನು ನೆನಪಿಡಬೇಕು. ನೀನು ಮರೆತುಬಿಡುತ್ತಿದ್ದೆ, ಅಕ್ಕನಿಗೆ ನೀನು ಹೇಳಿದ್ದೇ ತಿಳಿಯುತ್ತಿರಲಿಲ್ಲ. ಬಾಯಿ ಬಿಟ್ಟರೆ ಅಕ್ಕ ಸಿಕ್ಕಿಕೊಳ್ಳುತ್ತಾಳೆ. ನನ್ನ ಅಕ್ಕ ಆ ಕಡೆಯವಳೆಂದು ನಮ್ಮವರಿಗೆಲ್ಲ ಗೊತ್ತು, ಬೇರೆ ಯಾರನ್ನೂ ಹುಡುಕಬೇಕಾಗಿಲ್ಲ. ಅವಳ ಗುಂಪಿನ ಪರವಾಗಿ ದೊಡ್ಡ ಸಭಾಂಗಣದಲ್ಲಿ ನಿಂತು ಆ ತೂಕವನ್ನು ಹೇಳಬೇಕಾದವಳು ಅವಳೇ. ಅದಕ್ಕೇ ರಜೆಯಲ್ಲೂ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೆಲಸ ಮಾಡಿದಳು. ಗುಟ್ಟು ಬಿಟ್ಟುಕೊಟ್ಟವಳು ಎಂದಾದರೆ ಆ ಜಾಗ ಅವಳಿಗೆ ಉಳಿಯುತ್ತದೆಂದು ನನಗೆ ನಂಬಿಕೆಯಿಲ್ಲ. ಬುಧವಾರ ನಾನು ಅವಳನ್ನು ಮನಸ್ಸಿನಲ್ಲೇ ಬಾಯಿಗೆ ಬಂದ ಹಾಗೆ ಬೈದೆ. ನಿನ್ನನ್ನೂ ಬಿಡಲಿಲ್ಲ.

ಆಗ ಅಪ್ಪ ಒಮ್ಮೆ ಘಾಟಿನಿಂದ ಎದ್ದು ಬಂದದ್ದು ನೆನಪಾಯಿತು. ನಿನಗೆ ಮರೆತಿರಲಾರದು, ಆವತ್ತು ಜಗಳ ಆಡಿದವಳು ನೀನೇ. ಉಡುಪಿಯಿಂದ ದಾಯಾದಿ ದೊಡ್ಡಪ್ಪ ತೀರಿಕೊಂಡ ಸುದ್ದಿ ಬಂದಿತ್ತು. ಅಪ್ಪ ದಾವಣಗೆರೆಯ ಒಂದು ಕುಟುಂಬಕ್ಕೆ ಪಿಂಡಪ್ರದಾನ ಮಾಡಿಸುತ್ತಿದ್ದರು. ಸೂತಕ ಹಿಡಿಯುವುದು ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ, ಅಲ್ಲಿಯವರೆಗೆ ಇಲ್ಲ. ಅದಕ್ಕೇ ನೀನು ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಅಪ್ಪ ಕೆಲಸ ಮುಗಿಸಿ ಬರಲಿ ಎಂದು ಕಾಯುತ್ತಿದ್ದೆ. ಗಲ್ಲಿಯ ಹಾಲಿನವನಿಗೆ ಅದೆಲ್ಲ ಏನು ಗೊತ್ತು? ಮೆಟ್ಟಿಲಿಳಿದು ಹೋಗಿ ಅಪ್ಪನ ಕಿವಿಯ ಹತ್ತಿರ ಬಗ್ಗಿ 'ಪಂಡಿತ್‌ಜೀ, ಆಪ್‌ಕೇ ಭಾಯೀ ನಹೀ ರಹೇ' ಎಂದುಬಿಟ್ಟ.

ಅಪ್ಪ ಕೈಯಲ್ಲಿದ್ದ ದರ್ಭೆ ಕೆಳಗಿಟ್ಟರು. 'ನಾನು ಇನ್ನು ಮಾಡಿಸೋ ಹಾಗಿಲ್ಲ. ನಿಮ್ಮದೇನೂ ಕೆಟ್ಟಿಲ್ಲ, ಏಳಬೇಡಿ' ಎಂದು ಆ ಮನೆಯವರಿಗೆ ಹೇಳಿ, ಆಚೆ ಕೂತಿದ್ದ ಪವಮಾನಣ್ಣನನ್ನು ಕರೆದು 'ಇದನ್ನ ಮುಗಿಸು' ಅಂದರು. ಪವಮಾನಣ್ಣನೂ ಸತ್ತವರಿಗೆ ದಾಯಾದಿಯೇ. ತಿಳಿದರೆ ಅವನಿಗೂ ಅದೇ ಸೂತಕ. ಅವನು 'ಏನಾಯ್ತು ಚಿಕ್ಕಪ್ಪ' ಎಂದು ಕೇಳಿದರೆ ಅಪ್ಪ ಬಾಯಿ ಬಿಡಲಿಲ್ಲ. ಹಾಲಿನವನ ರಟ್ಟೆ ಹಿಡಿದು ಅವನನ್ನೂ ಮೇಲಕ್ಕೆ ಕರೆದುಕೊಂಡು ಬಂದರು. ಸಂಕಲ್ಪ ಆದಮೇಲೆ ದೋಷವಿಲ್ಲ ಅಂತ ಶಾಸ್ತ್ರ ಇದೆಯಲ್ಲ, ಕೇಳದವರ ಹಾಗೆ ಇನ್ನರ್ಧ ಗಂಟೆ ಕೂತಿದ್ದರೆ ಏನಾಗುತ್ತಿತ್ತು ಎಂದು ನೀನು ವಾದ ಹೂಡಿದೆ. ಅಪ್ಪ, 'ಆ ಶಾಸ್ತ್ರ ಮಾಡೋರಿಗೆ ಕಣೇ, ಮಾಡಿಸೋನಿಗಲ್ಲ. ಕಿವಿಗೆ ಬಿದ್ದಿದ್ದನ್ನ ತೆಗೆದು ಆಚೆ ಹಾಕಕ್ಕೆ ಆಗತ್ಯೇ?' ಎಂದು ಸ್ನಾನಕ್ಕೆ ಹೋದರು.

ಸೂತಕದ ಮೇಲೆ ನನಗೆ ಅಂಥ ನಂಬಿಕೆಯೇನೂ ಇಲ್ಲವೆಂದು ನಿನಗೆ ಗೊತ್ತು. ಆದರೆ ಏನು ಮಾಡಬೇಕು ಎಂದು ಬುಧವಾರ ಸಂಜೆ ಸ್ಪಷ್ಟವಾಯಿತು. ಎದ್ದುಬಿಡಬೇಕು. ಕೇಳದವರೊಬ್ಬರ ಕೈಗೆ ಕೊಡಬೇಕು. ಏನು ಕೇಳಿದೆ ಎಂದು ಮಾತ್ರ ಹೇಳಕೂಡದು, ಹೇಳಿದರೆ ಅವರೂ ಏಳಬೇಕಾಗುತ್ತದೆ.

ನಿನ್ನೆ ಸಂಜೆ ತಾರಸಿಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಕೋತಿಗಳು ಇಂಟರ್ನೆಟ್ಟಿನ ತಂತಿ ಎಳೆದುಹಾಕಿ ಸಭೆ ನಿಂತುಹೋಗಲಿ ಎಂದು ಮೊದಲ ಸಲ ಬೇಡಿಕೊಂಡೆ. ನಿನ್ನೆ ಒಂದು ಕೋತಿಯೂ ಈ ಕಡೆ ಸುಳಿಯಲಿಲ್ಲ. ನನ್ನ ಸರದಿ ಬಂತು. ಸಮಿತಿಯ ಹಿರಿಯರು ಇಟಲಿಯ ಹೆಂಗಸು, ಮೆಲ್ಲಗೆ ಮಾತಾಡುವವರು. 'ಹೇಳು ಶ್ರೀರಮಾ, ಸಾಕೋ ಸಾಲದೋ' ಎಂದರು. 'ನನ್ನ ಕಿವಿಗೆ ಬೀಳಬಾರದ್ದು ಬಿದ್ದಿದೆ. ಇದಕ್ಕೆ ನಾನು ಉತ್ತರ ಹೇಳುವ ಹಾಗಿಲ್ಲ. ಏನು ಬಿತ್ತು ಎಂದು ದಯವಿಟ್ಟು ಕೇಳಬೇಡಿ, ಕೇಳಿದರೆ ನೀವು ಯಾರೂ ಹೇಳುವ ಹಾಗಿರುವುದಿಲ್ಲ' ಎಂದೆ.

ಯಾರೋ ಒಬ್ಬರು ಕೇಳಿದರು, 'ನಿನ್ನ ಅಕ್ಕ ಹೇಳಿದಳೇ?' 'ಅಕ್ಕ ಇದರ ಬಗ್ಗೆ ನನ್ನ ಹತ್ತಿರ ಒಂದು ಮಾತೂ ಆಡಿಲ್ಲ' ಎಂದೆ. ಅದು ನಿಜ. ನಿಜವಾದರೂ ಹೇಳುವಾಗ ಧ್ವನಿ ನಡುಗಿತು, ಎಲ್ಲರಿಗೂ ಬೇಕಾದಷ್ಟು ಅರ್ಥವಾಯಿತು. ಹಿರಿಯರು ಆ ಮೂಲೆಯನ್ನು ನಮ್ಮ ಗುಂಪಿನ ಜಪಾನಿನ ಹುಡುಗಿಯೊಬ್ಬಳಿಗೆ ಒಪ್ಪಿಸಿದರು. ಅವಳು ಮೊದಲಿಂದ ಕಲಿತುಕೊಂಡು ನೋಡಬೇಕು. ತೂಕ ಪ್ರಕಟವಾಗುವವರೆಗೆ ನಾನು ಒಂದು ಚಿತ್ರವನ್ನೂ ತೆರೆಯುವ ಹಾಗಿಲ್ಲ, ಅವಳು ಏನು ತೀರ್ಮಾನಿಸಿದಳು ಎಂದು ಕೇಳುವ ಹಾಗೂ ಇಲ್ಲ. ನಾನು ವರ್ಷಗಟ್ಟಲೆ ತಿಕ್ಕಿದ ಪಾತ್ರೆಯಲ್ಲಿ ಅಡುಗೆ ಮಾಡುವವರು ಬೇರೆ. ಅಳು ಬಂತು, ಕ್ಯಾಮೆರಾ ಆರಿಸಿ ಅತ್ತೆ.

ಸಭೆ ಮುಗಿದ ಮೇಲೆ ಹಿರಿಯರು ನನ್ನೊಬ್ಬಳನ್ನೇ ಉಳಿಸಿಕೊಂಡರು. ಅಕ್ಕನ ಗುಂಪಿನ ಮುಖ್ಯಸ್ಥರಿಗೆ ಅವರು ಬರೆಯಲೇಬೇಕಂತೆ, ನಿಮ್ಮ ಉತ್ತರ ಹೊರಗೆ ಹೋಗಿದೆ ಎಂದು. 'ನಾಳೆಯೇ ಬರೆಯಬೇಕು' ಎಂದರು. 'ಸೋಮವಾರ ಬರೆಯಿರಿ. ಅದಕ್ಕೆ ಮುಂಚೆ ನಮ್ಮ ಮನೆಯಲ್ಲಿ ಒಬ್ಬರಿಗೆ ನಾನೇ ಹೇಳಬೇಕು' ಎಂದು ಕೇಳಿಕೊಂಡೆ. ಹೂಂ ಅಂದರು.

ಕೆಳಗೆ ಬಂದು ಅಪ್ಪನಿಗೆ, 'ಒಂದು ಸುದ್ದಿ ಕಿವಿಗೆ ಬಿತ್ತು, ಕೆಲಸದಿಂದ ಎದ್ದು ಬಂದೆ' ಎಂದೆ. ಯಾವ ಸುದ್ದಿ ಎಂದು ಅವರು ಕೇಳಲಿಲ್ಲ. 'ಮುಂದಕ್ಕೆ ಯಾರು ಹಿಡಕೊಂಡ್ರು?' ಎಂದರು. ಒಬ್ಬಳು ಗೆಳತಿ ಎಂದೆ. 'ಅವಳು ಕೇಳಿಲ್ಲ ತಾನೇ?' ಇಲ್ಲ ಎಂದೆ. 'ಹಾಗಾದ್ರೆ ಸರಿ, ತಟ್ಟೆ ಹಾಕು' ಎಂದು ಕೈ ತೊಳೆಯಲು ಹೋದರು. ಇದರಲ್ಲಿ ಅಕ್ಕನೂ ಇದ್ದಾಳೆಂದು ಅವರಿಗೆ ನಾನಿನ್ನೂ ಹೇಳಿಲ್ಲ.

ಈಗ ನಿನ್ನಿಂದ ಆಗಬೇಕಾದದ್ದು. ಅಕ್ಕನಿಗೆ ಇವತ್ತೇ ಹೇಳು. ಮಗು ಮಲಗಿ, ಅವಳು ಉಂಡ ಮೇಲೆ ಹೇಳು. ಸೋಮವಾರದ ಪತ್ರ ತಲುಪುವ ಮುಂಚೆ ಅವಳು ತಾನಾಗಿಯೇ ತನ್ನವರಿಗೆ 'ನಾನು ಅಮ್ಮನಿಗೆ ಹೇಳಿದ್ದೆ, ಅಮ್ಮನಿಂದ ತಂಗಿಗೆ ಹೋಗಿದೆ' ಎಂದು ಬರೆದರೆ ಅದಕ್ಕೊಂದು ಬೆಲೆಯಿದೆ. ಸಿಕ್ಕಿಬಿದ್ದ ಮೇಲೆ ಒಪ್ಪಿಕೊಂಡರೆ ಇಲ್ಲ. ಜಾಗ ಉಳಿಯುತ್ತದೋ ಇಲ್ಲವೋ ನಾನು ಹೇಳಲಾರೆ, ಆದರೆ ಉಳಿಯುವುದಿದ್ದರೆ ಹಾಗೆ ಮಾತ್ರ. ನನ್ನನ್ನು ಉಳಿಸಲೆಂದೋ ಅವಳನ್ನು ಉಳಿಸಲೆಂದೋ ನೀನು 'ನಾನು ಯಾರಿಗೂ ಹೇಳೇ ಇಲ್ಲ' ಎಂದು ಮಾತ್ರ ಅನ್ನಬೇಡ. ನಿನಗೆ ಸುಳ್ಳು ಹೇಳಲು ಬರುವುದಿಲ್ಲ, ಬಂದರೂ ಬೇಡ.

ನಿನ್ನ ತಪ್ಪು ಎಂದು ಅಳುತ್ತಾ ಕೂರಬೇಡ. ಸಾವಿನ ಸುದ್ದಿಯನ್ನು ಎಷ್ಟು ಹೊತ್ತು ಬೇಕಾದರೂ ಬಾಯೊಳಗೆ ಇಟ್ಟುಕೊಳ್ಳಬಲ್ಲ ನಿನಗೆ ಸಂತೋಷದ ಸುದ್ದಿಯನ್ನು ಇಟ್ಟುಕೊಳ್ಳಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅಕ್ಕ ಹೇಳಿದ್ದು ತಪ್ಪೇ. ಆದರೆ ಹೆತ್ತ ಮೈ ಇನ್ನೂ ಹಸಿ, ಎದುರಿಗೆ ಅಮ್ಮ ಕೂತಿದ್ದಾಳೆ, ಇಷ್ಟು ವರ್ಷ ತಿಣುಕಿದ್ದು ಕೈಗೆ ಹತ್ತಿದೆ. ಆಗ ಅಮ್ಮನಿಗೆ ಹೇಳದೆ ಯಾರಿಗೆ ಹೇಳಬೇಕು? ಅಲ್ಲಿ ಕೂತಿದ್ದವಳು ನಾನಾಗಿದ್ದರೂ ನಿನಗೆ ಹೇಳುತ್ತಿದ್ದೆ.

ಎರಡೂ ಗುಂಪಿನ ತೂಕ ಹೊರಗೆ ಬರುವವರೆಗೆ ನಾನು ನಿನ್ನ ಜೊತೆಗಾಗಲಿ ಅವಳ ಜೊತೆಗಾಗಲಿ ಮಾತಾಡುವುದಿಲ್ಲ. ನಾಳಿದ್ದು ನಾಮಕರಣಕ್ಕೆ ವಿಡಿಯೋದಲ್ಲೂ ಬರುವುದಿಲ್ಲ. ನಾನು ನಕ್ಕರೂ ಅತ್ತರೂ ಅಕ್ಕ ಅದರಿಂದ ನಮ್ಮ ತೂಕ ಊಹಿಸುತ್ತಾಳೆ, ಅವಳ ಮೇಲೆ ಇನ್ನೊಂದು ಅಪವಾದ ಬೇಡ. ಮಗುವಿಗೆ ಏನು ಹೆಸರಿಟ್ಟಿರಿ ಎಂದು ಅಪ್ಪನಿಗೆ ಹೇಳು, ಅವರು ನನಗೆ ಹೇಳುತ್ತಾರೆ. ಈ ಕಾಗದಕ್ಕೆ ಉತ್ತರ ಬೇಡ. ಓದಿದ್ದೀ ಎಂದು ಫೋನಿನ ನೀಲಿ ಗುರುತು ತೋರಿಸಿದರೆ ಸಾಕು.

ಕಡೆಯದಾಗಿ ಒಂದು. ಅಕ್ಕನಿಗೆ ಕೋಪ ಬರುತ್ತದೆ, ನನಗೆ ಗೊತ್ತು. ನಾನು ಸುಮ್ಮನಿರಬಹುದಿತ್ತು ಎನ್ನುತ್ತಾಳೆ. ಇನ್ನು ಆ ಶ್ರೀರಮಾಳ ಹೆಸರು ಈ ಮನೆಯಲ್ಲಿ ಎತ್ತಬೇಡ ಎಂದರೂ ಎನ್ನಬಹುದು. ಆಗ ನೀನು ನನ್ನ ಪರವಾಗಿ ಒಂದು ಮಾತೂ ಆಡಬೇಡ. ಚಿಕ್ಕವಳು, ಹೋಗಲಿ ಬಿಡು ಎನ್ನಬೇಡ, ಅಪ್ಪನ ಹಾಗೇ ಹುಟ್ಟಿದ್ದಾಳೆ ಎನ್ನಬೇಡ. ಅವಳ ಪಕ್ಕ ಕೂತು ಅವಳ ಜೊತೆ ಸೇರಿ ನನ್ನನ್ನು ಬೈಯಿ. ಚೆನ್ನಾಗಿ ಬೈಯಿ, ನಂಬುವ ಹಾಗೆ. ಅವಳ ಊರಿನಲ್ಲಿ ಅವಳ ಕಡೆಗೆ ನೀನೊಬ್ಬಳೇ ಇರುವುದು.

ಮಗು ನೂರು ಕಾಲ ಬಾಳಲಿ. ಅದಕ್ಕೂ ಅದರ ಅಮ್ಮನಿಗೂ ಕಣ್ತುಂಬ ನಿದ್ದೆ ಬರಲಿ. ನಿನ್ನ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ.

ನಿನ್ನ ಕಾಲಿಗೆ ಬೀಳುವ,
ಕಿರಿಯ ಮಗಳು
ಶ್ರೀರಮಾ